ನೆದರ್‌ಲ್ಯಾಂಡ್ಸ್‌ಗೆ ಮಾಸ್ಟರ್ಸ್ ಓದಲು ಬರುವವರೇ, ಮೊದಲ ವಾರವೇ ಸೈಕಲ್ ತಗೊಳ್ಳಿ

ಪ್ರತಿ ವರ್ಷ ಜುಲೈ ಮುಗಿಯುತ್ತಿದ್ದ ಹಾಗೆ ನನ್ನ ಫೋನಿಗೆ ಅದೇ ಪ್ರಶ್ನೆಗಳು ಬರುತ್ತವೆ. ಕುಕ್ಕರ್ ತರಬೇಕಾ, ಸಾರಿನ ಪುಡಿ ಎಷ್ಟು ಕಟ್ಟಿಸಿಕೊಳ್ಳಲಿ, ಜಾಕೆಟ್ ಇಲ್ಲಿಂದಲೇ ತರಲಾ ಅಲ್ಲೇ ತಗೊಳ್ಳಲಾ. ಸೈಕಲ್ ಬಗ್ಗೆ ಯಾರೂ ಕೇಳುವುದಿಲ್ಲ. ಡೆಲ್ಫ್ಟ್‌ಗೆ ಓದಲು ಬಂದಾಗ ನಾನೂ ಕೇಳಿರಲಿಲ್ಲ. ಈಗ ಹೇಗ್‌ನಲ್ಲಿ ಮನೆ ಮಾಡಿಕೊಂಡು ಹತ್ತು ವರ್ಷದ ಮೇಲಾಯಿತು, ಹೊಸದಾಗಿ ಬಂದವರಿಗೆ ಒಂದೇ ಒಂದು ಮಾತು ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ: ಬಂದ ಮೊದಲ ವಾರ ಸೈಕಲ್ ತಗೊಳ್ಳಿ. ಬಸ್ಸಿನ ದುಡ್ಡು ಉಳಿಯುತ್ತದೆ ಅಂತಲ್ಲ, ಅದೂ ಉಳಿಯುತ್ತದೆ ಅನ್ನಿ. ಈ ದೇಶದಲ್ಲಿ ಗೆಳೆತನ ಬೆಳೆಯುವುದು ಸೈಕಲ್ ಮೇಲೆ ಮನೆಗೆ ವಾಪಸ್ ಹೋಗುವ ದಾರಿಯಲ್ಲಿ.

ಇದು ನನಗೆ ಅರ್ಥವಾಗಲು ಮೂರು ತಿಂಗಳು ಬೇಕಾಯಿತು. ಇಲ್ಲಿ ಬೋರಲ್ ಅಂತ ಒಂದಿದೆ. ಕ್ಲಾಸು, ಲ್ಯಾಬು ಮುಗಿಸಿ ಸಂಜೆ ಐದರ ಸುಮಾರಿಗೆ ಎಲ್ಲರೂ ನಿಂತುಕೊಂಡು ಕುಡಿಯುತ್ತಾ ಹರಟುವುದು. ಮೊದಲ ಮೂರು ತಿಂಗಳು ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಾತು ಕಾವೇರುವ ಹೊತ್ತಿಗೆ ನನ್ನ ಕಣ್ಣು ಗಡಿಯಾರದ ಮೇಲೆ. ಹತ್ತು ಗಂಟೆಗೆಲ್ಲ ಬ್ಯಾಗ್ ಹೆಗಲಿಗೇರಿಸಿ ಒಬ್ಬನೇ ಸ್ಟಾಪಿಗೆ ನಡೆಯುತ್ತಿದ್ದೆ. ಸೈಕಲ್ ತಗೊಂಡ ಮೇಲೆ ಮೊದಲ ಸಲ ಕೊನೆಯ ತನಕ ಉಳಿದೆ. ಆಮೇಲೆ ಎಲ್ಲರೂ ಸೈಕಲ್ ಸ್ಟ್ಯಾಂಡಿಗೆ ಬಂದರು, ಬೀಗ ತೆಗೆದರು, ನೀನು ಯಾವ ಕಡೆ ಅಂತ ಕೇಳಿದರು. ನನ್ನ ದಾರಿಯಲ್ಲೇ ಹೋಗುವ ಒಬ್ಬ ಗ್ರೀಕ್ ಹುಡುಗ ಸಿಕ್ಕ. ಇಲ್ಲಿ ಇಬ್ಬರು ಅಕ್ಕಪಕ್ಕ ಸೈಕಲ್ ಹೊಡೆಯುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಕಾಲುವೆ ಪಕ್ಕದ ದಾರಿ, ಚಳಿ, ಡೈನಮೋ ಗುರ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಎರಡು ತಿಂಗಳು ಒಂದೇ ಬೆಂಚಿನಲ್ಲಿ ಕೂತಿದ್ದವನು ಆ ಇಪ್ಪತ್ತು ನಿಮಿಷದಲ್ಲಿ ತನ್ನ ಅಮ್ಮನ ಕಾಯಿಲೆಯ ವಿಷಯ ಹೇಳಿದ. ಮುಖ ನೋಡದೆ, ಇಬ್ಬರೂ ಮುಂದಿನ ದಾರಿ ನೋಡುತ್ತಾ ಮಾತಾಡುವಾಗ ಮನಸ್ಸು ಬೇಗ ಬಿಚ್ಚಿಕೊಳ್ಳುತ್ತದೆ ಅನ್ನಿಸುತ್ತದೆ. ಅವನು ಇವತ್ತಿಗೂ ನನ್ನ ಹತ್ತಿರದ ಗೆಳೆಯ.

ಸರಿ, ಸೈಕಲ್ ಎಲ್ಲಿ ತಗೊಳ್ಳುವುದು? ಹೊಸದು ಬೇಡ, ಕಳ್ಳತನ ಜಾಸ್ತಿ. ಹಳೆಯದು 100ರಿಂದ 150 ಯೂರೋ ಒಳಗೆ ಚೆನ್ನಾಗಿರುವುದೇ ಸಿಗುತ್ತದೆ. ಹಳೆ ಸಾಮಾನು ಮಾರುವ ಮಾರ್ಕ್ಟ್‌ಪ್ಲಾಟ್ಸ್ ವೆಬ್‌ಸೈಟಿನಲ್ಲಿ ಹುಡುಕಬಹುದು, ಆದರೆ ಮೊದಲ ಸಲ ಸೈಕಲ್ ರಿಪೇರಿ ಅಂಗಡಿಯಲ್ಲೇ ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅನ್ನುತ್ತೇನೆ. ಹತ್ತಿಪ್ಪತ್ತು ಯೂರೋ ಜಾಸ್ತಿ ಆಗಬಹುದು, ಆದರೆ ಬ್ರೇಕು ಸರಿ ಇಲ್ಲ ಅಂತ ವಾಪಸ್ ಹೋದರೆ ಕೇಳುವವರು ಇರುತ್ತಾರೆ. ರಾತ್ರಿ ಸ್ಟೇಷನ್ ಹತ್ತಿರ ಯಾರಾದರೂ ಬಂದು ಇಪ್ಪತ್ತು ಯೂರೋಗೆ ಸೈಕಲ್ ಬೇಕಾ ಅಂದರೆ ನಿಲ್ಲದೆ ನಡೆದುಬಿಡಿ. ಅದು ಕದ್ದ ಮಾಲು, ಕೊಂಡವರ ಮೇಲೂ ಕೇಸ್ ಆಗುತ್ತದೆ. ಓದಲು ಬಂದವರಿಗೆ ಆ ತಲೆನೋವು ಬೇಡವೇ ಬೇಡ.

ಇನ್ನೊಂದು ದಾರಿ ಸ್ವಾಪ್‌ಫೀಟ್ಸ್. ಮುಂದಿನ ಟಯರ್ ನೀಲಿ ಇರುವ ಸೈಕಲ್‌ಗಳು ಎಲ್ಲ ಕಡೆ ಕಾಣುತ್ತವಲ್ಲ, ಅವೇ. 2014ರಲ್ಲಿ ಡೆಲ್ಫ್ಟ್‌ನಲ್ಲಿ ವಿದ್ಯಾರ್ಥಿಗಳೇ ಶುರು ಮಾಡಿದ್ದು. ತಿಂಗಳಿಗಿಷ್ಟು ಅಂತ ಕಟ್ಟಿದರೆ ಸೈಕಲ್ ಕೊಡುತ್ತಾರೆ, ಕೆಟ್ಟರೆ ಅವರೇ ಸರಿ ಮಾಡುತ್ತಾರೆ. ಎರಡು ವರ್ಷಕ್ಕೆ ಲೆಕ್ಕ ಹಾಕಿದರೆ ದುಬಾರಿ. ಮೊದಲ ಎರಡು ಮೂರು ತಿಂಗಳಿಗೆ ಮಾತ್ರ ಒಳ್ಳೆಯದು.

ಎತ್ತರ ನೋಡಿ ತಗೊಳ್ಳಿ. ಇಲ್ಲಿನ ಜನ ಎತ್ತರ, ಸೈಕಲ್‌ಗಳೂ ಎತ್ತರ. ಸೀಟಿನ ಮೇಲೆ ಕೂತಾಗ ಕಾಲ್ಬೆರಳಾದರೂ ನೆಲಕ್ಕೆ ತಾಕಬೇಕು. ಮತ್ತೆ ಬೀಗ. ಹಿಂದಿನ ಚಕ್ರಕ್ಕೆ ಒಂದು ರಿಂಗ್ ಬೀಗ ಇದ್ದೇ ಇರುತ್ತದೆ. ಅದು ಸಾಲದು. ದಪ್ಪ ಚೈನ್ ತಗೊಂಡು ಕಂಬಕ್ಕೋ ಸ್ಟ್ಯಾಂಡಿಗೋ ಸೇರಿಸಿ ಹಾಕಿ. ಸೈಕಲ್‌ಗಿಂತ ಬೀಗವೇ ದುಬಾರಿ ಆಯಿತಲ್ಲ ಅಂತ ಹೊಸಬರು ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ಅದೇ ಸರಿ.

ಬ್ರೇಕಿನ ವಿಷಯ ಒತ್ತಿ ಹೇಳಬೇಕು. ಇಲ್ಲಿನ ಎಷ್ಟೋ ಹಳೆಯ ಸೈಕಲ್‌ಗಳಿಗೆ ಕೈಬ್ರೇಕೇ ಇರುವುದಿಲ್ಲ. ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ನಮ್ಮೂರಿನಲ್ಲಿ ಹಿಂದಕ್ಕೆ ತುಳಿದರೆ ಚೈನು ಸುಮ್ನೆ ತಿರುಗುತ್ತದೆ, ಅದೇ ಅಭ್ಯಾಸ. ನನ್ನ ಮೊದಲ ದಿನ ಸೇತುವೆ ಇಳಿಯುವಾಗ ಎದುರಿಗೆ ಒಬ್ಬ ಅಜ್ಜಿ ಬಂದರು. ಬೆರಳುಗಳು ತಾವಾಗಿಯೇ ಬ್ರೇಕ್ ಹುಡುಕಿದವು. ಸಿಕ್ಕಿದ್ದು ಬರೀ ಹ್ಯಾಂಡಲ್. ಅಜ್ಜಿಯನ್ನು ತಪ್ಪಿಸಲು ಪಕ್ಕದ ಬೇಲಿಗಿಡಕ್ಕೆ ನುಗ್ಗಿಸಿದೆ, ಮೊಣಕೈ ತರಚಿತು, ಅಜ್ಜಿಗೆ ಏನೂ ಆಗಲಿಲ್ಲ. ಆ ಅರ್ಧ ಸೆಕೆಂಡು ಈಗಲೂ ನೆನಪಿದೆ. ಹಾಗಾಗಿ ಮೊದಲ ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಗಂಟೆ ನಿಲ್ಲಿಸುವುದನ್ನೇ ಅಭ್ಯಾಸ ಮಾಡಿ, ಆಮೇಲೆ ರಸ್ತೆಗೆ ಇಳಿಯಿರಿ.

ಸೈಕಲ್ ಬರುವುದೇ ಇಲ್ಲ ಅನ್ನುವವರು ದಯವಿಟ್ಟು ಸಂಕೋಚ ಪಡಬೇಡಿ. ಬೇರೆ ದೇಶಗಳಿಂದ ಬಂದ ದೊಡ್ಡವರಿಗೆ ಸೈಕಲ್ ಕಲಿಸುವ ತರಗತಿಗಳು ಇಲ್ಲಿನ ಹಲವು ಊರುಗಳಲ್ಲಿ ನಡೆಯುತ್ತವೆ. ನನ್ನ ಪರಿಚಯದ ಶಿವಮೊಗ್ಗದ ಹುಡುಗಿಯೊಬ್ಬಳು ಇಪ್ಪತ್ತಾರನೇ ವಯಸ್ಸಿನಲ್ಲಿ ಇಲ್ಲಿ ಕಲಿತಳು. ಆರು ವಾರದಲ್ಲಿ ಕಲಿತು, ಈಗ ಮಗುವನ್ನು ಕೂರಿಸಿಕೊಂಡು ಮಳೆಯಲ್ಲೂ ಹೋಗುತ್ತಾಳೆ.

ನಿಯಮಗಳಲ್ಲಿ ಮುಖ್ಯವಾದ ಕೆಲವು ಹೇಳುತ್ತೇನೆ. ಕತ್ತಲಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕೇ ಬೇಕು. ಬಟ್ಟೆಗೆ ಸಿಕ್ಕಿಸಿಕೊಳ್ಳುವ ಸಣ್ಣ ದೀಪವಾದರೂ ನಡೆಯುತ್ತದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂಮುಕ್ಕಾಲರವರೆಗೆ ಕತ್ತಲು, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲು, ಅಂದರೆ ಹೋಗುವಾಗಲೂ ಬರುವಾಗಲೂ ದೀಪ ಬೇಕು. ಫೋನ್ ಕೈಯಲ್ಲಿ ಹಿಡಿದು ಸೈಕಲ್ ಓಡಿಸುವುದನ್ನು 2019ರ ಜುಲೈನಿಂದ ನಿಷೇಧಿಸಿದ್ದಾರೆ, ದಂಡ 100 ಯೂರೋಗಿಂತ ಜಾಸ್ತಿ. ಮ್ಯಾಪ್ ಬೇಕಾದರೆ ಹ್ಯಾಂಡಲ್‌ಗೆ ಹೋಲ್ಡರ್ ಹಾಕಿಸಿ. ತಿರುಗುವ ಮುಂಚೆ ಕೈ ತೋರಿಸಿ. ರಸ್ತೆ ಮೇಲೆ ಬಿಳಿ ತ್ರಿಕೋನಗಳ ಸಾಲು ಕಾಣುತ್ತದೆ, ಶಾರ್ಕ್ ಹಲ್ಲು ಅನ್ನುತ್ತಾರೆ. ಅದರ ಚೂಪು ನಿಮ್ಮ ಕಡೆ ಇದ್ದರೆ ಅಡ್ಡ ರಸ್ತೆಯಲ್ಲಿ ಬರುವವರಿಗೆ ದಾರಿ ಬಿಡಬೇಕಾದವರು ನೀವು. ಏನೂ ಗುರುತಿಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನಾವು ಎಡಗಡೆ ಓಡಿಸಿ ಬೆಳೆದವರು, ಹಾಗಾಗಿ ಮೊದಮೊದಲು ಇದು ತಲೆಗೆ ಹತ್ತುವುದಿಲ್ಲ. ಟ್ರಾಮ್ ಹಳಿಯನ್ನು ಯಾವತ್ತೂ ಅಡ್ಡಡ್ಡಲಾಗಿಯೇ ದಾಟಿ. ಹಳಿಯ ಸಂದಿಗೆ ಚಕ್ರ ಸಿಕ್ಕಿದರೆ ಬಿದ್ದಂತೆಯೇ, ಅದರಲ್ಲೂ ಮಳೆ ಬಂದಾಗ. ಹೆಲ್ಮೆಟ್ ಕಡ್ಡಾಯ ಇಲ್ಲ, ಇಲ್ಲಿಯವರು ಹಾಕುವುದು ಕಮ್ಮಿ. ಮೊದಲ ಚಳಿಗಾಲ ನೀವು ಹಾಕಿ. ಇನ್ನೊಂದು ಸಣ್ಣ ಖರ್ಚು ಮರೆಯಬೇಡಿ. ನಿಮ್ಮ ಸೈಕಲ್ ಯಾರದೋ ಕಾರಿಗೆ ಗೀಚಿದರೆ ಆ ನಷ್ಟ ಕಟ್ಟಿಕೊಡುವ ವಿಮೆ ಇದೆ, ತಿಂಗಳಿಗೆ ಕೆಲವೇ ಯೂರೋ. ಅದನ್ನು ಮಾಡಿಸಿಡಿ.

ಮಳೆಗಿಂತ ಗಾಳಿ ಕಷ್ಟ. ಮಳೆಗೆ ಪ್ಯಾಂಟು ಇದೆ, ಬಾಯನ್‌ರಾಡಾರ್ ಅನ್ನುವ ಮಳೆಯ ಆಪ್ ನೋಡಿದರೆ ಇನ್ನು ಹತ್ತು ನಿಮಿಷಕ್ಕೆ ಬಿಡುತ್ತದಾ ಇಲ್ಲವಾ ಅಂತ ಗೊತ್ತಾಗುತ್ತದೆ. ಎದುರುಗಾಳಿಗೆ ಮದ್ದಿಲ್ಲ. ಈ ದೇಶದಲ್ಲಿ ಗುಡ್ಡ ಇಲ್ಲ ಅಂತ ಖುಷಿಯಿಂದ ಬರುತ್ತೀರಿ, ಗುಡ್ಡದ ಕೆಲಸವನ್ನೆಲ್ಲ ಇಲ್ಲಿ ಗಾಳಿ ಮಾಡುತ್ತದೆ. ನವೆಂಬರಿನಲ್ಲಿ ರಾಟರ್‌ಡ್ಯಾಮ್‌ನಿಂದ ಸ್ಕೀ ಕಾಲುವೆ ಪಕ್ಕ ಡೆಲ್ಫ್ಟ್‌ಗೆ ಬರುವಾಗ ಒಂದು ಸಲ ನಡೆಯುವವರ ವೇಗದಲ್ಲಿ ತುಳಿದಿದ್ದೇನೆ. ಗೇರ್ ಇರುವ ಸೈಕಲ್ ತಗೊಳ್ಳಿ, ಮೂರು ಗೇರ್ ಸಾಕು. ನವೆಂಬರಿನಲ್ಲಿ ಗಾಳಿಗೆ ಹೆದರಿ ಮನೆಯಲ್ಲಿ ಕೂತವರು ಫೆಬ್ರವರಿಯವರೆಗೂ ಕೂತುಬಿಡುತ್ತಾರೆ. ರೂಮು, ಲ್ಯಾಬು, ಅಂಗಡಿ, ಮತ್ತೆ ರೂಮು. ಆಮೇಲೆ ರಾತ್ರಿ ಎರಡು ಗಂಟೆಗೆ ಊರಿಗೆ ಫೋನು ಮಾಡಿ ಅಳುತ್ತಾರೆ. ಹೀಗೆ ಒಣಗಿ ಹೋದವರನ್ನು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿರುವುದು.

ಜನರ ಜೊತೆ ಬೆರೆಯುವ ವಿಷಯಕ್ಕೆ ಬರೋಣ. ಆಗಸ್ಟ್‌ನಲ್ಲಿ ಹೊಸ ವಿದ್ಯಾರ್ಥಿಗಳ ಪರಿಚಯದ ವಾರ ಇರುತ್ತದೆ, ಡೆಲ್ಫ್ಟ್‌ನಲ್ಲಿ ಓವೇ, ಲೈಡನ್‌ನಲ್ಲಿ ಎಲ್ ಸಿಡ್, ಹೀಗೆ ಊರಿಗೊಂದು ಹೆಸರು. ಹೊರದೇಶದ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಹಲವು ಕಡೆ ಬೇರೆಯೇ ಕಾರ್ಯಕ್ರಮ ಇಡುತ್ತಾರೆ. ವಿಮಾನದ ಟಿಕೆಟ್ ದುಬಾರಿ ಆಗುವುದಿಲ್ಲವಾ ಅಂತ ತಡವಾಗಿ ಬರುತ್ತೀರಲ್ಲ, ಬೇಡ, ಆ ವಾರಕ್ಕೆ ಸರಿಯಾಗಿ ಬನ್ನಿ. ಆ ವಾರದ ಗುಂಪೇ ಮುಂದೆ ವರ್ಷಪೂರ್ತಿ ಜೊತೆ ಇರುತ್ತದೆ.

ಕುಡಿಯುವುದಿಲ್ಲ ಅಂದರೆ ಬೋರಲ್‌ಗೆ ಹೋಗಬಾರದು ಅಂತ ಏನೂ ಇಲ್ಲ. ಜ್ಯೂಸ್ ಹಿಡಿದು ನಿಲ್ಲಿ, ಯಾರೂ ಒತ್ತಾಯ ಮಾಡುವುದಿಲ್ಲ. ಇಲ್ಲಿಯವರು ಡೈರಿ ನೋಡದೆ ಯಾರನ್ನೂ ಮನೆಗೆ ಕರೆಯುವುದಿಲ್ಲ, ಮೂರು ವಾರ ಆದ ಮೇಲಿನ ಗುರುವಾರ ಬರ್ತೀಯಾ ಅಂತಾರೆ. ಅದು ದೂರ ಇಡುವುದಲ್ಲ. ಕರೆದರು ಅಂದರೆ ನಿಜವಾಗಿ ಕರೆದಿದ್ದಾರೆ. ಹೇಳಿದ ಹೊತ್ತಿಗೆ ಹೋಗಿ. ಹುಟ್ಟುಹಬ್ಬಕ್ಕೆ ಹೋದರೆ ಎಲ್ಲರೂ ಕುರ್ಚಿ ಹಾಕಿಕೊಂಡು ಸುತ್ತ ಕೂತಿರುತ್ತಾರೆ. ಹುಟ್ಟುಹಬ್ಬ ಯಾರದೋ ಅವರಿಗೆ ಮಾತ್ರ ಅಲ್ಲ, ಅವರ ಅಪ್ಪ, ಅಮ್ಮ, ಅಕ್ಕ, ಎಲ್ಲರ ಕೈ ಕುಲುಕಿ ಅಭಿನಂದನೆ ಹೇಳಬೇಕು. ನಿಮ್ಮ ಮಗಳು ಹುಟ್ಟಿದ ದಿನ ಅಂತ ತಾಯಿಗೂ ಅಭಿನಂದನೆ, ಎಷ್ಟು ಚೆಂದ ಅಲ್ವಾ? ಹೊರಗೆ ಊಟ ಮಾಡಿದ ಮೇಲೆ ಫೋನಿಗೆ ಟಿಕ್ಕಿ ಅಂತ ದುಡ್ಡು ಕೇಳುವ ಲಿಂಕ್ ಬರುತ್ತದೆ, ನಿಮ್ಮ ಪಾಲು ಇಷ್ಟು ಅಂತ. ಮೂರು ಯೂರೋಗೂ ಬರುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವತ್ತೇ ಕಳಿಸಿಬಿಡಿ. ನೀವು ಕೊಟ್ಟ ದುಡ್ಡಿಗೆ ನೀವೂ ಸಂಕೋಚವಿಲ್ಲದೆ ಕಳಿಸಿ.

ನಮ್ಮವರನ್ನೂ ಬಿಡಬೇಡಿ. ಯುಗಾದಿ, ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡ ಬಳಗದವರು ಸೇರುತ್ತಾರೆ. ಒಂದು ಯುಗಾದಿಗೆ ನನ್ನ ಪಾಲಿಗೆ ಬಿಸಿಬೇಳೆಬಾತ್ ಬಂತು. ಐದು ಲೀಟರ್ ಕುಕ್ಕರನ್ನು ಎರಡು ಟವೆಲ್‌ನಲ್ಲಿ ಸುತ್ತಿ, ಸೈಕಲ್ ಮುಂದಿನ ಪ್ಲಾಸ್ಟಿಕ್ ಕ್ರೇಟಿನಲ್ಲಿಟ್ಟು, ವಿಸಿಲ್ ತೆಗೆದು ಜೇಬಿಗೆ ಹಾಕಿಕೊಂಡು ಹತ್ತು ಕಿಲೋಮೀಟರ್ ತುಳಿದೆ, ಡೆಲ್ಫ್ಟ್‌ನಿಂದ ಹೇಗ್‌ಗೆ. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಇಂಗು, ತುಪ್ಪದ ವಾಸನೆ ಮುಖಕ್ಕೆ ಬರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಡಚ್ ಹೆಂಗಸೊಬ್ಬರು ಅದೇನು ಅಂತ ಕೇಳಿದರು, ಹಬ್ಬದ ಊಟ ಅಂದೆ. ಮುಟ್ಟಿದಾಗ ಇನ್ನೂ ಬಿಸಿ ಇತ್ತು. ಆದರೆ ವಾರವೆಲ್ಲ ನಮ್ಮವರ ಜೊತೆಯೇ ಇದ್ದುಬಿಟ್ಟರೆ ಎರಡು ವರ್ಷ ಮುಗಿದಾಗ ಒಬ್ಬ ಡಚ್ ಗೆಳೆಯನೂ ಇರುವುದಿಲ್ಲ. ನನ್ನ ರೂಮ್‌ಮೇಟ್‌ಗೆ ಹಾಗೇ ಆಯಿತು, ಕೆಲಸ ಹುಡುಕುವಾಗ ಅವನಿಗೆ ಅದರ ಬಿಸಿ ತಟ್ಟಿತು.

ಇನ್ನು ತಿರುಗಾಟ. ಇಲ್ಲಿನ ಡಚ್ ವಿದ್ಯಾರ್ಥಿಗಳಿಗೆ ಸರ್ಕಾರದಿಂದ ಉಚಿತ ಪ್ರಯಾಣದ ಸೌಲಭ್ಯ ಇದೆ, ನಮಗೆ ಇಲ್ಲ. ಹಾಗಾಗಿ ರೈಲಿನ ದಾಲ್ ಫೋರ್‌ಡೇಲ್ ಕಾರ್ಡ್ ಮಾಡಿಸಿ. ವಾರದ ದಿನ ಬೆಳಿಗ್ಗೆ 6:30ರಿಂದ 9, ಸಂಜೆ 4ರಿಂದ 6:30 ಬಿಟ್ಟು ಉಳಿದ ಹೊತ್ತಿನಲ್ಲಿ, ಶನಿವಾರ ಭಾನುವಾರ ಪೂರ್ತಿ, ಶೇ 40 ರಿಯಾಯಿತಿ. ನಿಮ್ಮ ಜೊತೆ ಬರುವ ಮೂವರಿಗೂ ಅದೇ ರಿಯಾಯಿತಿ ಕೊಡಿಸಬಹುದು, ಅಂದರೆ ನಾಲ್ವರ ಗುಂಪಿನಲ್ಲಿ ಒಬ್ಬರ ಹತ್ತಿರ ಇದ್ದರೂ ಸಾಕು. ಇಳಿದಾಗ ಚೆಕ್ ಔಟ್ ಮಾಡಲು ಮರೆಯಬೇಡಿ. ಹೋದ ಊರಿನ ಸ್ಟೇಷನ್ನಿನಲ್ಲೇ ಓವಿ ಫೀಟ್ಸ್ ಅಂತ ಬಾಡಿಗೆ ಸೈಕಲ್ ಸಿಗುತ್ತದೆ. ಉಟ್ರೆಕ್ಟ್ ಸ್ಟೇಷನ್ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗ ಇದೆ, ಮೂರು ಅಂತಸ್ತು, ಸೈಕಲ್ ಮೇಲೆ ಕೂತೇ ಒಳಗೆ ಹೋಗಬಹುದು, ಮೊದಲ 24 ಗಂಟೆ ಉಚಿತ. ಅದನ್ನು ನೋಡಲಿಕ್ಕೇ ಒಂದು ಸಲ ಹೋಗಿ.

ಮೊದಲ ವರ್ಷವೇ ಪ್ಯಾರಿಸ್, ರೋಮ್, ಪ್ರಾಗ್ ಅಂತ ಎಲ್ಲ ಓಡಿ ಮುಗಿಸುವವರು ಜಾಸ್ತಿ. ಇಲ್ಲಿ ವಾಸಕ್ಕೆ ಕೊಡುವ ಪರ್ಮಿಟ್ ಇದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಲ್ಲಿ, 180 ದಿನಕ್ಕೆ 90 ದಿನದವರೆಗೆ ವೀಸಾ ಇಲ್ಲದೆ ಸುತ್ತಬಹುದು ನಿಜ, ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಎರಡೂ ಜೊತೆಗಿರಲಿ. ಲಂಡನ್‌ಗೆ ಬೇರೆ ವೀಸಾ ಬೇಕು. ಆದರೆ ಅವೆಲ್ಲ ಎಲ್ಲಿಗೂ ಹೋಗುವುದಿಲ್ಲ. ಮೊದಲು ಹತ್ತಿರದ್ದನ್ನು ಸೈಕಲ್‌ನಲ್ಲಿ ನೋಡಿ. ದಾರಿಯಲ್ಲಿ ಹಸಿರು ಅಂಕಿಯ ಫಲಕಗಳಿರುತ್ತವೆ. ಯಾವ ಅಂಕಿಯಿಂದ ಯಾವ ಅಂಕಿಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡರೆ ಮ್ಯಾಪ್ ಇಲ್ಲದೆ ಇಡೀ ದೇಶ ಸುತ್ತಬಹುದು. ಕಿಂಡರ್‌ಡೈಕ್‌ನಲ್ಲಿ ಹತ್ತೊಂಬತ್ತು ಗಾಳಿಯಂತ್ರಗಳಿವೆ, ನೀರೆತ್ತಲು ಕಟ್ಟಿದ್ದು. ಬಸ್ಸಿನಲ್ಲಿ ಬಂದು ಫೋಟೋ ತೆಗೆದು ಹೋಗುವವರಿಗಿಂತ ಸೈಕಲ್‌ನಲ್ಲಿ ಆ ಏರಿ ಮೇಲೆ ಹೋಗುವವರಿಗೆ ಅದು ಬೇರೆಯೇ ಕಾಣುತ್ತದೆ. ಒಂದು ಪಕ್ಕದ ನೀರು ಇನ್ನೊಂದು ಪಕ್ಕದ ಹೊಲಕ್ಕಿಂತ ಎತ್ತರದಲ್ಲಿರುವುದು ಕಣ್ಣಿಗೇ ಗೊತ್ತಾಗುತ್ತದೆ. ಹೋಖೆ ಫೆಲುವೆ ಕಾಡಿಗೆ ಟಿಕೆಟ್ ತಗೊಂಡು ಒಳಗೆ ಹೋದರೆ ಬಿಳಿ ಸೈಕಲ್‌ಗಳು ನಿಂತಿರುತ್ತವೆ, ಬೀಗ ಇಲ್ಲ, ಬಾಡಿಗೆ ಇಲ್ಲ, ಬೇಕಾದ್ದು ತಗೊಂಡು ಹೋಗುವುದು. ಬೇಸಿಗೆಯಲ್ಲಿ ಡೆನ್ ಹೆಲ್ಡರ್‌ನಿಂದ ಟೆಕ್ಸಲ್ ದ್ವೀಪಕ್ಕೆ ಇಪ್ಪತ್ತು ನಿಮಿಷದ ಹಡಗು, ಸೈಕಲನ್ನೂ ಹತ್ತಿಸಬಹುದು.

ಏಪ್ರಿಲ್‌ನಲ್ಲಿ ಟ್ಯುಲಿಪ್ ನೋಡಲು ಕ್ಯೂಕೆನ್‌ಹಾಫ್ ಹೂದೋಟದ ಟಿಕೆಟ್ಟೇ ಬೇಕೆಂದಿಲ್ಲ. ಲೈಡನ್‌ನಿಂದ ಲಿಸ್ಸೆ ಕಡೆ ಸೈಕಲ್ ತಿರುಗಿಸಿದರೆ ಹೊಲಗಳು ದಾರಿ ಪಕ್ಕದಲ್ಲೇ ಇವೆ. ಹೊಲದ ಒಳಗೆ ಮಾತ್ರ ಕಾಲಿಡಬೇಡಿ, ಅದು ರೈತರ ಬೆಳೆ. ನಾವು ಕೆಲವರು ಪ್ರತಿ ವರ್ಷ ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇವೆ, ಪಂಪು, ಪಂಕ್ಚರ್ ಕಿಟ್ ನನ್ನ ಹತ್ತಿರ ಇರುತ್ತದೆ. ಈ ಸಲ ಆಗಸ್ಟ್‌ನಲ್ಲಿ ಬರುವವರು ಸೈಕಲ್ ನೋಡಲು ಒಬ್ಬರೇ ಹೋಗಬೇಡಿ, ಬಳಗದಲ್ಲಿ ಯಾರನ್ನಾದರೂ ಜೊತೆಗೆ ಕರೆಯಿರಿ. ಶನಿವಾರ ಬೆಳಿಗ್ಗೆ ಆದರೆ ನಾನೇ ಬರುತ್ತೇನೆ.