ಪರೇಡ್‌ಗೆ ಮುಂಚೆಯೇ ಟಿವಿಗೆ ಬಂದ ಮುಖ

ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ವಕಾಲತ್ತು ಹಾಕುವವನು ನಾನು. ಮಾಧ್ಯಮದವರನ್ನು ಬೈದು ಯಾರೂ ಕೇಸು ಗೆದ್ದದ್ದು ನೋಡಿಲ್ಲ. ನಮ್ಮಲ್ಲಿ ಸಾಮಾನ್ಯ ಜನರೇ ಕೂತು ತೀರ್ಪು ಹೇಳುವ ಜ್ಯೂರಿಯಂತೂ ಇಲ್ಲ. ‘ಟಿವಿ ನೋಡಿ ತೀರ್ಪು ಬರೀತೀನೇನ್ರೀ?’ ಎಂದು ನ್ಯಾಯಾಧೀಶರು ಕೇಳಿದರೆ ಏನು ಹೇಳುತ್ತೀರಿ? ಪ್ರಚಾರದಿಂದ ಯಾವ ಸಾಕ್ಷ್ಯ ಕೆಟ್ಟಿತು ಎಂದು ಬೆರಳಿಟ್ಟು ತೋರಿಸಬೇಕು.

ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬರುವುದಕ್ಕೆ ಮುಂಚಿನ ಒಂದು ದರೋಡೆ ಕೇಸು. ಬಂಧನದ ಸಂಜೆಯೇ ಪ್ರೆಸ್‌ಮೀಟ್. ಮೇಜಿನ ಮೇಲೆ ಒಡವೆ, ಹಿಂದೆ ಮುಸುಕಿಲ್ಲದೆ ನಿಂತ ನನ್ನ ಕಕ್ಷಿದಾರ. ‘ತಪ್ಪೊಪ್ಪಿಕೊಂಡ’ ಎಂದು ರಾತ್ರಿಯಿಡೀ ಓಡಿತು. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ (ಆಗ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 25, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23), ಹಾಗಾಗಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಬೇಕಿದ್ದದ್ದು ಆ ಮುಖ. ಯಾಕೆಂದರೆ ಸಾಲಾಗಿ ನಿಂತವರಲ್ಲಿ ಆರೋಪಿ ಯಾರೆಂದು ಸಾಕ್ಷಿಗಳು ತೋರಿಸುವ ಗುರುತು ಪರೇಡ್ ನಡೆದದ್ದು ಆಮೇಲೆ, ಜೈಲಿನಲ್ಲಿ, ತಹಶೀಲ್ದಾರರ ಮುಂದೆ. ಸಾಕ್ಷಿಗಳು ಸಲೀಸಾಗಿ ಇವನನ್ನೇ ತೋರಿಸಿದ್ದರು.

ಪ್ರಸಾರದ ತುಣುಕುಗಳನ್ನು ದಿನಾಂಕ, ಸಮಯ ಕಾಣುವಂತೆ ಪೆನ್‌ಡ್ರೈವಿಗೆ ಇಳಿಸಿ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡಲು ಬೇಕಾದ 65-ಬಿ ಪ್ರಮಾಣಪತ್ರ ಮಾಡಿಸಿಟ್ಟೆ. ಪರೇಡಿನಲ್ಲಿ ಇವನನ್ನು ತೋರಿಸಿದ್ದ ಸಾಕ್ಷಿಯೊಬ್ಬಳ ಪಾಟಿ ಸವಾಲಿನಲ್ಲಿ ದನಿ ಏರಿಸಲೇ ಇಲ್ಲ.

‘ಮನೇಲಿ ಟಿವಿ ಇದೆಯೇನಮ್ಮಾ?’

‘ಇದೆ ಸ್ವಾಮಿ.’

‘ಈ ಸುದ್ದಿ ನೋಡಿದ್ರಾ?’

‘ಊರೇ ನೋಡ್ತು, ನಾವೂ ನೋಡಿದ್ವಿ.’

‘ಜೈಲಿಗೆ ಹೋಗೋಕೆ ಮುಂಚೆನೋ, ಆಮೇಲೋ?’

‘ಮುಂಚೆನೇ.’

ಅಲ್ಲಿಗೆ ಕೂತುಬಿಟ್ಟೆ. ಇನ್ನೊಂದು ಪ್ರಶ್ನೆ ಕೇಳಿದರೆ ‘ಕೃತ್ಯದ ದಿನವೂ ಸರಿಯಾಗಿ ನೋಡಿದ್ದೆ’ ಎಂಬ ಉತ್ತರ ಕಾದಿರುತ್ತದೆ. ಪ್ರೆಸ್‌ಮೀಟ್ ನಡೆದದ್ದನ್ನು ತನಿಖಾಧಿಕಾರಿಯ ಬಾಯಿಂದಲೇ ಒಪ್ಪಿಸಿದೆ. ಕೋರ್ಟು ಪರೇಡನ್ನು ನಂಬಲಿಲ್ಲ.

ಪ್ರಸಾರವನ್ನೇ ತಡೆಯಬಹುದಿತ್ತಲ್ಲ ಎಂದು ಕಿರಿಯರು ಕೇಳುತ್ತಾರೆ. 2012ರ ಸಹಾರಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ವರದಿಗಾರಿಕೆಯನ್ನು ತಾತ್ಕಾಲಿಕವಾಗಿ ಮುಂದೂಡಿಸಲು ದಾರಿ ತೋರಿದೆ, ನಿಜ. ಆದರೆ ವಿಚಾರಣೆಗೆ ನಿಜವಾದ, ಗಣನೀಯ ಅಪಾಯವಿದೆ ಎಂದು ಮೊದಲು ತೋರಿಸಬೇಕು. ಬೆಳಿಗ್ಗೆ ಬಂಧನ, ಸಂಜೆ ಪ್ರಸಾರ ಎಂಬಂಥ ಕಡೆ ಹೈಕೋರ್ಟಿಗೆ ಅರ್ಜಿ ಟೈಪಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಈಗ ಆರೋಪಿಯನ್ನು ಕಸ್ಟಡಿಗೆ ಕೇಳಿ ಕೋರ್ಟಿಗೆ ತರುವ ಮೊದಲ ರಿಮ್ಯಾಂಡಿನಲ್ಲೇ ‘ಮುಖ ಮುಚ್ಚಿ ಕರೆತರಲು ನಿರ್ದೇಶಿಸಿ’ ಎಂದು ಮೆಮೊ ಹಾಕುತ್ತೇನೆ. ‘ಪರೇಡ್ ಗಟ್ಟಿ ಮಾಡಿಕೊಡ್ತೀಯಲ್ಲಯ್ಯ, ಸುಮ್ಮನಿದ್ದಿದ್ರೆ ಆಮೇಲೆ ಅನುಕೂಲ ಆಗ್ತಿತ್ತು’ ಅನ್ನುತ್ತಾರೆ ನಮ್ಮ ಸೀನಿಯರ್. ಅವರ ಲೆಕ್ಕ ತಪ್ಪಲ್ಲ. ಆದರೆ ಕಕ್ಷಿದಾರ ಬಿಡುಗಡೆಯಾದ ಮೇಲೂ ಅದೇ ಬೀದಿಯಲ್ಲಿ ಬಾಡಿಗೆ ಮನೆ ಹುಡುಕಬೇಕು. ಮೆಮೊ ಹಾಕುವುದು ಅದಕ್ಕೆ.