ಡೆಬಿಟ್ ಕಾರ್ಡಿನ ಪೋಸ್ಟಲ್ ಕೋಡ್ ಬೇಕೇ? ಕಾರ್ಡ್ ಮೇಲೆ ಹುಡುಕಬೇಡಿ

ಆನ್‌ಲೈನ್‌ನಲ್ಲಿ ಹಣ ಕಟ್ಟಲು ಕೂತಿದ್ದೀರಿ. ಕಾರ್ಡ್ ನಂಬರ್ ಹಾಕಿದ್ದಾಯಿತು, ಕಾರ್ಡಿನ ಅವಧಿ ಮುಗಿಯುವ ತಿಂಗಳು, ವರ್ಷ ಹಾಕಿದ್ದಾಯಿತು, ಹಿಂದೆ ಇರುವ 3 ಅಂಕಿಯ ಸಿವಿವಿಯೂ ಆಯಿತು. ಇನ್ನೇನು ಮುಗಿಯಿತು ಅನ್ನುವಾಗ ಮತ್ತೊಂದು ಖಾಲಿ ಚೌಕ: ಜಿಪ್ ಕೋಡ್ ಅಥವಾ ಪೋಸ್ಟಲ್ ಕೋಡ್. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೂ ಅಂಥ ನಂಬರ್ ಕಾಣುವುದಿಲ್ಲ. ಕಾಣುವುದೂ ಇಲ್ಲ ಬಿಡಿ, ಅದನ್ನು ಕಾರ್ಡ್ ಮೇಲೆ ಅಚ್ಚು ಹಾಕುವ ಪದ್ಧತಿಯೇ ಇಲ್ಲ.

ಹಾಗಾದರೆ ಎಲ್ಲಿದೆ? ಬ್ಯಾಂಕಿನ ದಾಖಲೆಯಲ್ಲಿದೆ. ಖಾತೆ ತೆರೆಯುವಾಗ ನೀವು ಕೊಟ್ಟ ವಿಳಾಸ, ಅಥವಾ ಆಮೇಲೆ ಬದಲಾಯಿಸಿದ್ದರೆ ಆ ಹೊಸ ವಿಳಾಸ, ಅದರ ಕೊನೆಯಲ್ಲಿರುವ ಅಂಚೆ ಕೋಡೇ ನಿಮ್ಮ ಕಾರ್ಡಿನ ಕೋಡ್. ನೀವು ಇವತ್ತು ಎಲ್ಲಿ ವಾಸವಾಗಿದ್ದೀರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಬ್ಯಾಂಕ್ ಶಾಖೆ ಎಲ್ಲಿದೆ ಅನ್ನುವುದೂ ಇಲ್ಲ, ಪಾರ್ಸೆಲ್ ಎಲ್ಲಿಗೆ ಬರಬೇಕು ಅನ್ನುವುದಂತೂ ಇಲ್ಲವೇ ಇಲ್ಲ. ನೀವು ಯಾವ ಊರಿಗಾದರೂ ಹೋಗಿರಿ, ಬ್ಯಾಂಕಿಗೆ ಹೇಳುವವರೆಗೆ ಅದರ ಪಾಲಿಗೆ ನೀವು ಹಳೇ ಮನೆಯಲ್ಲೇ ಇದ್ದೀರಿ.

ಯಾಕೆ ಕೇಳುತ್ತಾರೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸಲೀಸು. ಇದರ ಹಿಂದೆ ಇರುವುದು ಎವಿಎಸ್ ಅನ್ನುವ ವಿಳಾಸ ತಾಳೆ ನೋಡುವ ವ್ಯವಸ್ಥೆ. ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಇದರ ಬಳಕೆ ಜಾಸ್ತಿ. ನೀವು ಟೈಪ್ ಮಾಡಿದ ವಿಳಾಸ ಕಾರ್ಡ್ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ಅದರಲ್ಲಿ ಮುಖ್ಯವಾಗಿ ಅಂಕಿಗಳನ್ನು ನೋಡುತ್ತದೆ, ಅಂದರೆ ಮನೆ ನಂಬರ್ ಮತ್ತು ಅಂಚೆ ಕೋಡ್. ನೋಡಿ ಒಂದು ಅಕ್ಷರದ ಉತ್ತರ ಕಳಿಸುತ್ತದೆ. ವೈ ಅಂದರೆ ಎರಡೂ ಸರಿ. ಜೆಡ್ ಅಂದರೆ ಕೋಡ್ ಮಾತ್ರ ಸರಿ, ಎ ಅಂದರೆ ಮನೆ ನಂಬರ್ ಮಾತ್ರ ಸರಿ. ಎನ್ ಅಂದರೆ ಯಾವುದೂ ಹೊಂದುತ್ತಿಲ್ಲ. ಈ ಅಕ್ಷರ ನಿಮಗೆ ಕಾಣುವುದಿಲ್ಲ, ಮಾರುವವರಿಗೆ ಹೋಗುತ್ತದೆ. ಅದನ್ನು ನೋಡಿ ವ್ಯವಹಾರ ಮುಂದುವರಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರೂ ಅವರೇ. ಅದಕ್ಕೇ ಒಂದೇ ಕಾರ್ಡು, ಒಂದೇ ಕೋಡು ಒಂದು ಕಡೆ ನಡೆದು ಇನ್ನೊಂದು ಕಡೆ ನಡೆಯದೇ ಹೋಗಬಹುದು.

ಕದ್ದ ಕಾರ್ಡ್ ನಂಬರ್ ಇಟ್ಟುಕೊಂಡವನಿಗೆ ನಿಮ್ಮ ವಿಳಾಸ ಗೊತ್ತಿರಲಿಕ್ಕಿಲ್ಲ ಅನ್ನುವುದು ಇದರ ತರ್ಕ. ಭಾರೀ ಬೀಗ ಏನಲ್ಲ, ಆದರೂ ಒಂದು ಬೀಗ.

ಮೊದಲು ಸ್ಟೇಟ್‌ಮೆಂಟ್ ತೆಗೆಯಿರಿ

ಎಲ್ಲಕ್ಕಿಂತ ಸುಲಭದ ದಾರಿ ಇದು. ಕಾಗದದ್ದಾದರೂ ಆದೀತು, ಪಿಡಿಎಫ್ ಆದರೂ ಆದೀತು, ಆದರೆ ತೀರಾ ಇತ್ತೀಚಿನದಾಗಿರಲಿ. ಮೊದಲ ಪುಟದ ಮೇಲ್ಭಾಗದಲ್ಲಿ ನಿಮ್ಮ ಹೆಸರು, ಅದರ ಕೆಳಗೆ ಮನೆ ನಂಬರ್, ಬೀದಿ, ಊರು, ಕೊನೆಯಲ್ಲಿ ಕೋಡ್ ಇರುತ್ತದೆ. ಅದೇ ಪುಟದಲ್ಲಿ ಬ್ಯಾಂಕಿನ ವಿಳಾಸವೂ ಇರಬಹುದು, ಸಾಮಾನ್ಯವಾಗಿ ಲೋಗೋದ ಪಕ್ಕದಲ್ಲೋ ಪುಟದ ಅಡಿಯಲ್ಲೋ. ಅವಸರದಲ್ಲಿ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆ ಕೋಡ್ ಹಾಕಿದರೆ ಕೆಲಸ ಆಗುವುದಿಲ್ಲ. ನಿಮ್ಮ ಹೆಸರಿನ ಕೆಳಗಿರುವುದನ್ನೇ ತೆಗೆದುಕೊಳ್ಳಿ.

ಸ್ಟೇಟ್‌ಮೆಂಟ್ ಕೈಗೆ ಸಿಗದಿದ್ದರೆ ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟ್‌ಗೆ ಲಾಗಿನ್ ಆಗಿ. ಪ್ರೊಫೈಲ್, ಸೆಟ್ಟಿಂಗ್ಸ್, ವೈಯಕ್ತಿಕ ವಿವರ, ಹೀಗೆ ಒಂದೊಂದು ಬ್ಯಾಂಕಿನವರು ಒಂದೊಂದು ಹೆಸರು ಇಟ್ಟಿರುತ್ತಾರೆ. ಅದರೊಳಗೆ ವಿಳಾಸ ಇರುತ್ತದೆ. ಇಲ್ಲಿ ಒಂದು ಸಿಕ್ಕು ಇದೆ. ಎಷ್ಟೋ ಬ್ಯಾಂಕುಗಳು ಎರಡು ವಿಳಾಸ ಇಟ್ಟುಕೊಳ್ಳುತ್ತವೆ, ಒಂದು ಮನೆಯದ್ದು, ಇನ್ನೊಂದು ಪತ್ರ ಕಳಿಸುವುದಕ್ಕೆ. ಎರಡರ ಕೋಡೂ ಬೇರೆ ಬೇರೆ ಆಗಿದ್ದರೆ ಪತ್ರ ಕಳಿಸುವ ವಿಳಾಸದ್ದನ್ನು ಮೊದಲು ಹಾಕಿ ನೋಡಿ, ಯಾಕೆಂದರೆ ಬಿಲ್ಲಿಂಗ್ ವಿಳಾಸ ಅಂತ ಬಳಕೆಯಾಗುವುದು ಹೆಚ್ಚಾಗಿ ಅದೇ. ಕೆಲವು ಆ್ಯಪ್‌ಗಳು ವಿಳಾಸದ ಅರ್ಧಕ್ಕೆ ಚುಕ್ಕಿ ಹಾಕಿ ಮುಚ್ಚಿರುತ್ತವೆ. ಆಗ ಕಂಪ್ಯೂಟರಿನಲ್ಲಿ ವೆಬ್‌ಸೈಟ್ ತೆರೆದು ನೋಡುವುದು ವಾಸಿ.

ಈ ಕಾರ್ಡನ್ನು ಮೊದಲೇ ಬೇರೆ ಯಾವುದಾದರೂ ಸೈಟ್‌ನಲ್ಲಿ ಬಳಸಿದ್ದೀರಾ? ಅಲ್ಲಿ ಉಳಿಸಿಟ್ಟ ಬಿಲ್ಲಿಂಗ್ ವಿಳಾಸ ನೋಡಬಹುದು. ಆದರೆ ಇದನ್ನೇ ಪೂರ್ತಿ ನಂಬಬೇಡಿ. ಬಹಳಷ್ಟು ಸೈಟ್‌ಗಳು ಕೋಡ್ ಕೇಳುತ್ತವೆ, ಆದರೆ ತಾಳೆ ನೋಡುವುದಿಲ್ಲ. ನೀವು ಏನೇ ಹಾಕಿದ್ದರೂ ಅಲ್ಲಿ ಹಣ ಹೋಗಿರುತ್ತಿತ್ತು. ಬ್ರೌಸರ್ ತಾನೇ ತುಂಬಿಕೊಡುವ ವಿಳಾಸದ ಕಥೆಯೂ ಅಷ್ಟೇ. ಅದು ಎಂದೋ ಒಮ್ಮೆ ಟೈಪ್ ಮಾಡಿದ ಹಳೇ ವಿಳಾಸವನ್ನು ಸುಮ್ನೆ ತಂದು ತುಂಬುತ್ತದೆ, ನಾವೂ ನೋಡದೆ ಮುಂದೆ ಒತ್ತುತ್ತೇವೆ.

ಇನ್ನೂ ಗೊತ್ತಾಗದಿದ್ದರೆ ಖಾತೆ ತೆರೆದಾಗ ನೀವು ಎಲ್ಲಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಕಾಲೇಜಿನಲ್ಲಿದ್ದಾಗ ತೆರೆದ ಖಾತೆಯಾದರೆ ಅಪ್ಪ ಅಮ್ಮನ ಮನೆಯ ವಿಳಾಸ ಇರುವ ಸಾಧ್ಯತೆ ಜಾಸ್ತಿ. ಜಂಟಿ ಖಾತೆಯಾದರೆ ಮೊದಲ ಹೆಸರಿನವರ ವಿಳಾಸ ಇರಬಹುದು. ಕಚೇರಿಯಿಂದ ಕೊಟ್ಟ ಕಾರ್ಡಾದರೆ ನಿಮ್ಮ ಮನೆ ಕೋಡ್ ನಡೆಯುವುದು ಅನುಮಾನ, ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಒಂದು ಮಾತು ಕೇಳಿ.

ಫೋನ್ ಮಾಡುವುದಾದರೆ

ಕಾರ್ಡಿನ ಹಿಂಬದಿಯಲ್ಲಿ ಗ್ರಾಹಕ ಸೇವೆಯ ನಂಬರ್ ಇರುತ್ತದೆ. ಅದನ್ನೇ ನೋಡಿ ಒತ್ತಿ. ಇಂಟರ್ನೆಟ್‌ನಲ್ಲಿ ಹುಡುಕಿ ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ, ನಕಲಿ ಕಸ್ಟಮರ್ ಕೇರ್ ನಂಬರ್‌ಗಳನ್ನು ಹರಡಿ ಕಾಯುತ್ತಾ ಕೂತವರು ಬೇಕಾದಷ್ಟು ಜನ ಇದ್ದಾರೆ.

‘ನನ್ನ ಕಾರ್ಡಿಗೆ ಯಾವ ಬಿಲ್ಲಿಂಗ್ ವಿಳಾಸ ಇದೆ, ಅದರ ಪೋಸ್ಟಲ್ ಕೋಡ್ ಏನು’ ಅಂತ ಕೇಳಿ. ನೀವು ನೀವೇ ಹೌದೋ ಅಂತ ಖಚಿತ ಮಾಡಿಕೊಳ್ಳಲು ಒಂದಿಷ್ಟು ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ವಿಳಾಸವೂ ಒಂದು ಪ್ರಶ್ನೆ ಆಗಿರಬಹುದು, ಆಗ ಅವರು ಕೋಡ್ ಓದಿ ಹೇಳುವುದಿಲ್ಲ, ನೀವು ಹೇಳಿದ್ದು ಸರಿಯೋ ತಪ್ಪೋ ಅಷ್ಟೇ ಹೇಳುತ್ತಾರೆ. ಹಾಗಾಗಿ ಹಿಂದಿನ ಎರಡು ಮೂರು ಮನೆಗಳ ಕೋಡ್ ಬರೆದಿಟ್ಟುಕೊಂಡು ಫೋನ್ ಮಾಡಿ. ಎಟಿಎಂನಲ್ಲಿ ಒತ್ತುವ ಗುಪ್ತ ಪಿನ್ ಯಾರಾದರೂ ಕೇಳಿದರೆ ಮಾತು ಮುಂದುವರಿಸದೆ ಫೋನ್ ಇಡಿ. ಫೋನಿನಲ್ಲಿ ಬಗೆಹರಿಯದಿದ್ದರೆ ಗುರುತಿನ ಚೀಟಿ ಹಿಡಿದು ಶಾಖೆಗೆ ಹೋಗಿ, ಅಲ್ಲಿ ಆಗದ ಕೆಲಸವಲ್ಲ ಇದು.

ಕಾರ್ಡ್ ನಂಬರ್ ಹಾಕಿದರೆ ಪೋಸ್ಟಲ್ ಕೋಡ್ ಹೇಳುತ್ತೇವೆ ಅನ್ನುವ ಸೈಟ್‌ಗಳು ಕಂಡರೆ ಅಲ್ಲಿಂದ ಹೊರಗೆ ಬನ್ನಿ. ಕಾರ್ಡಿನ ಮೊದಲ 6 ಅಥವಾ 8 ಅಂಕಿಗಳಿಂದ ಕಾರ್ಡ್ ಕೊಟ್ಟ ಬ್ಯಾಂಕ್ ಯಾವುದು ಅಂತ ಗೊತ್ತಾಗುತ್ತದೆಯೇ ಹೊರತು ನಿಮ್ಮ ಮನೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಅವರಿಗೆ ಬೇಕಿರುವುದು ನಿಮ್ಮ ಕಾರ್ಡ್ ನಂಬರ್, ಅಷ್ಟೇ.

ಕೋಡ್ ಸರಿ ಇದ್ದರೂ ತಪ್ಪು ಅನ್ನುತ್ತಿದೆಯೇ

ಇದು ತಲೆ ಕೆಡಿಸುವ ವಿಷಯ. ಕೋಡ್ ಸರಿಯೇ ಇರುತ್ತದೆ, ಬರೆದ ರೀತಿ ತಪ್ಪಿರುತ್ತದೆ. ಮೊದಲು ದೇಶ ಆರಿಸುವ ಪಟ್ಟಿ ನೋಡಿ. ಅಲ್ಲಿ ಬೇರೆ ದೇಶ ಇದ್ದರೆ ಚೌಕ ಆ ದೇಶದ ಲೆಕ್ಕದಲ್ಲೇ ಅಂಕಿ ಕೇಳುತ್ತದೆ. ದೇಶ ಸರಿ ಮಾಡಿ, ಆಮೇಲೆ ಕೋಡ್ ಹಾಕಿ. ಕಾಪಿ ಮಾಡಿ ಅಂಟಿಸಿದ್ದರೆ ಕೊನೆಯಲ್ಲಿ ಖಾಲಿ ಜಾಗ ಬಂದಿದೆಯೋ ನೋಡಿ ಅಳಿಸಿ.

ಅಮೆರಿಕದ ಜಿಪ್ ಕೋಡ್ 1963ರಲ್ಲಿ ಬಂದಾಗ 5 ಅಂಕಿಯದ್ದು. 1983ರಲ್ಲಿ ಅದಕ್ಕೆ ಇನ್ನೂ 4 ಅಂಕಿ ಸೇರಿಸಿ 9 ಅಂಕಿಯ ರೂಪವನ್ನೂ ತಂದರು. ಸ್ಟೇಟ್‌ಮೆಂಟ್‌ನಲ್ಲಿ ನಡುವೆ ಅಡ್ಡಗೆರೆ ಇರುವ ಉದ್ದದ ಕೋಡ್ ಕಂಡರೆ ಮೊದಲ 5 ಅಂಕಿ ಸಾಕು. ಸೊನ್ನೆಯಿಂದ ಶುರುವಾಗುವ ಕೋಡ್‌ಗಳೂ ಇವೆ, ಬಾಸ್ಟನ್ನಿನ 02108ರ ಹಾಗೆ. ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರೆ ಅದು ಮುಂದಿನ ಸೊನ್ನೆಯನ್ನು ತಾನೇ ನುಂಗಿ 2108 ಮಾಡಿರುತ್ತದೆ. ನಾಲ್ಕೇ ಅಂಕಿ ಇದೆ ಅನ್ನಿಸಿದರೆ ಮುಂದೊಂದು ಸೊನ್ನೆ ಹಾಕಿ ನೋಡಿ.

ಕೆನಡಾದವರ ಪಾಡು ಬೇರೆ. ಅವರ ಕೋಡ್‌ನಲ್ಲಿ ಅಕ್ಷರ, ಅಂಕಿ ಕಲಸಿಕೊಂಡಿರುತ್ತವೆ. ಅಮೆರಿಕದ ಪೆಟ್ರೋಲ್ ಬಂಕ್‌ಗಳ ಪಂಪ್‌ನಲ್ಲಿ ಅಂಕಿ ಒತ್ತುವ ಗುಂಡಿ ಮಾತ್ರ ಇರುತ್ತವೆ, ಅಕ್ಷರಕ್ಕೆ ಜಾಗವೇ ಇಲ್ಲ. ಅದಕ್ಕೆ ಒಂದು ಉಪಾಯ ಬಳಕೆಯಲ್ಲಿದೆ: ಕೋಡ್‌ನಲ್ಲಿರುವ ಮೂರು ಅಂಕಿ ಮಾತ್ರ ತೆಗೆದುಕೊಂಡು ಕೊನೆಗೆ ಎರಡು ಸೊನ್ನೆ ಸೇರಿಸುವುದು. ಕೆ1ಎ 0ಬಿ1 ಅಂತ ಇದ್ದರೆ 10100. ಎಲ್ಲ ಪಂಪ್‌ನಲ್ಲೂ ನಡೆಯುತ್ತದೆ ಅನ್ನಲಾಗದು. ನಡೆಯದಿದ್ದರೆ ಒಳಗೆ ಹೋಗಿ ಕೌಂಟರಿನಲ್ಲಿ ಹಣ ಕೊಡುವುದೇ ಸರಿ. ಬೇರೆ ದೇಶದ ಕಾರ್ಡ್ ಇರುವವರಿಗೂ ಅದೇ ಮಾತು. ಎವಿಎಸ್‌ಗೆ ಸೇರದ ಬ್ಯಾಂಕಿನ ಕಾರ್ಡಾದರೆ ತಾಳೆ ನೋಡಲು ಅಲ್ಲಿ ಏನೂ ಇರುವುದೇ ಇಲ್ಲ.

ಪಂಪ್‌ನಲ್ಲಿ ಇನ್ನೊಂದು ಎಚ್ಚರ. ಪರದೆ ಮೇಲೆ ಜಿಪ್ ಅಂತ ಇದೆಯೋ ಪಿನ್ ಅಂತ ಇದೆಯೋ ಓದಿ ಒತ್ತಿ. ಡೆಬಿಟ್ ಅಂತ ಆರಿಸಿದರೆ ಗುಪ್ತ ಪಿನ್ ಕೇಳುತ್ತದೆ, ಅದೇ ಕಾರ್ಡನ್ನು ಕ್ರೆಡಿಟ್ ದಾರಿಯಲ್ಲಿ ಓಡಿಸಿದರೆ ಜಿಪ್ ಕೇಳುತ್ತದೆ. ಜಿಪ್ ನೆನಪಾಗದಿದ್ದರೆ ಡೆಬಿಟ್ ಆರಿಸಿ ಪಿನ್ ಒತ್ತಿ, ಕೆಲಸ ಮುಗಿಯುತ್ತದೆ. ಆನ್‌ಲೈನ್ ಫಾರಂನಲ್ಲಿ ಪಿನ್‌ಕೋಡ್ ಅಂತ ಕಂಡರೆ ಅದು ಅಂಚೆಯದ್ದು. ಎಟಿಎಂ ಪಿನ್ ಅಲ್ಲಿ ಹಾಕಬೇಡಿ.

ಹಾಂಗ್‌ಕಾಂಗ್, ಯುಎಇಗಳಲ್ಲಿ ಅಂಚೆ ಕೋಡ್ ಅನ್ನುವುದೇ ಇಲ್ಲ. ದೇಶ ಸರಿಯಾಗಿ ಆರಿಸಿದರೆ ಒಳ್ಳೆಯ ಫಾರಂಗಳು ಆ ಚೌಕವನ್ನೇ ತೆಗೆದುಹಾಕುತ್ತವೆ. ಹಟ ಹಿಡಿದು ಕೇಳುವ ಕಡೆ 00000 ಹಾಕಿ ಮುಂದೆ ಹೋಗುವವರಿದ್ದಾರೆ.

ಮನೆ ಬದಲಾಯಿಸಿದವರಿಗೆ, ಗಿಫ್ಟ್ ಕಾರ್ಡ್ ಇರುವವರಿಗೆ

ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟ ಮಾತ್ರಕ್ಕೆ ಬ್ಯಾಂಕಿನಲ್ಲಿ ಬದಲಾಗುವುದಿಲ್ಲ, ಅಲ್ಲಿ ಬೇರೆಯಾಗಿಯೇ ಹೇಳಬೇಕು. ಹೇಳಿದ ಕೂಡಲೇ ಎಲ್ಲ ಕಡೆ ಬದಲಾಗುತ್ತದೆ ಅಂತಲೂ ಇಲ್ಲ. ಹೊಸ ಕೋಡ್ ಒಪ್ಪದಿದ್ದರೆ ಹಳೆಯದು ಒಮ್ಮೆ ಹಾಕಿ ನೋಡಿ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಎರಡರ ವಿಳಾಸವೂ ಬದಲಾಗಿದೆಯೇ ಅಂತ ನೋಡಿಕೊಳ್ಳಿ, ಒಂದರಲ್ಲಿ ಹಳೆಯದು ಉಳಿದುಬಿಟ್ಟಿರುತ್ತದೆ.

ಗಿಫ್ಟ್ ಕಾರ್ಡ್, ಅಂಗಡಿಯಲ್ಲಿ ಸಿಗುವ ಪ್ರೀಪೇಯ್ಡ್ ಕಾರ್ಡ್‌ಗಳನ್ನು ಕೊಳ್ಳುವಾಗ ಸಾಮಾನ್ಯವಾಗಿ ಯಾರೂ ನಿಮ್ಮ ವಿಳಾಸ ಕೇಳಿರುವುದಿಲ್ಲ. ಹಾಗಾಗಿ ಅದಕ್ಕೆ ಕೋಡೇ ಇರುವುದಿಲ್ಲ, ಕೋಡ್ ತಾಳೆ ನೋಡುವ ಸೈಟ್‌ನಲ್ಲಿ ಹಾಕಿದರೆ ತಿರಸ್ಕಾರವಾಗಬಹುದು. ಕಾರ್ಡಿನ ಹಿಂದೆ ಕೊಟ್ಟಿರುವ ವೆಬ್‌ಸೈಟ್‌ನಲ್ಲಿ ಅಥವಾ ಫೋನಿನಲ್ಲಿ ನೋಂದಣಿ ಮಾಡಿ ನಿಮ್ಮ ಕೋಡ್ ಕೊಟ್ಟರೆ ಅಲ್ಲಿಂದ ಮುಂದೆ ಅದೇ ಆ ಕಾರ್ಡಿನ ಕೋಡ್.

ತಪ್ಪಾದಾಗ ಹಣ ಎಲ್ಲಿ ಹೋಯಿತು

ಕೋಡ್ ತಪ್ಪಾಗಿ ಪಾವತಿ ರದ್ದಾಯಿತು, ಆದರೂ ಖಾತೆಯಲ್ಲಿ ಹಣ ಕಡಿಮೆ ತೋರಿಸುತ್ತಿದೆ ಅಂತ ಗಾಬರಿಯಾಗುವವರು ಎಷ್ಟೋ ಜನ. ಆಗುವುದು ಇಷ್ಟೆ: ಖಾತೆಯಲ್ಲಿ ದುಡ್ಡಿದೆ ಅಂತ ಬ್ಯಾಂಕು ಆ ಮೊತ್ತವನ್ನು ತೆಗೆದಿರಿಸುತ್ತದೆ, ಅದರ ಜೊತೆಗೇ ಕೋಡ್ ಹೊಂದುತ್ತಿಲ್ಲ ಅಂತಲೂ ಹೇಳುತ್ತದೆ, ಅದನ್ನು ನೋಡಿ ಮಾರುವವರು ಬೇಡ ಅನ್ನುತ್ತಾರೆ. ಹಣ ಅವರಿಗೆ ಹೋಗಿರುವುದಿಲ್ಲ, ಆದರೆ ತೆಗೆದಿರಿಸಿದ್ದು ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು. ಡೆಬಿಟ್ ಕಾರ್ಡಿನಲ್ಲಿ ಇದರ ಬಿಸಿ ಜಾಸ್ತಿ, ಸಿಕ್ಕಿಹಾಕಿಕೊಂಡಿರುವುದು ಸಾಲದ ಮಿತಿಯಲ್ಲ, ನಿಮ್ಮದೇ ದುಡ್ಡು. ಮೂರು ಸಲ ತಪ್ಪು ಕೋಡ್ ಹಾಕಿದರೆ ಮೂರು ಪಟ್ಟು ಹಣ ಹಾಗೆ ನಿಂತಿರಬಹುದು, ಅನುಮಾನ ಬಂದು ಬ್ಯಾಂಕು ಕಾರ್ಡನ್ನೇ ತಡೆದರೂ ತಡೆಯಿತು. ಹಾಗಾಗಿ ಊಹೆ ಮಾಡಿ ಮತ್ತೆ ಮತ್ತೆ ಒತ್ತುವುದಕ್ಕಿಂತ ಎರಡನೇ ಸಲಕ್ಕೇ ನಿಲ್ಲಿಸಿ ಸ್ಟೇಟ್‌ಮೆಂಟ್ ತೆರೆಯಿರಿ. ವ್ಯವಹಾರದ ಪಟ್ಟಿಯಲ್ಲಿ ಪೆಂಡಿಂಗ್ ಅಂತ ತೋರಿಸುತ್ತಿರುವ ಮೊತ್ತ ವಾರ ಕಳೆದರೂ ಹೋಗದಿದ್ದರೆ, ಆ ದಿನಾಂಕ ಮತ್ತು ಮೊತ್ತ ಹೇಳಿ ಬ್ಯಾಂಕಿನವರನ್ನು ಕೇಳಿ.