ನವಮಿಯ ದಿನ ಮದುವೆ ಮಾಡಿಸಿದೆ

ನನಗೆ ಈ ಕೆಲಸ ಸಿಕ್ಕಿದ್ದು ದನಿ ಜೋರು ಅನ್ನುವ ಒಂದೇ ಕಾರಣಕ್ಕೆ. 'ನಿನಗೆ ಮೈಕ್ ಬೇಡ, ನೀನೇ ಮಾಡಿಸು' ಅಂದಳು ಗೆಳತಿ. ಅವಳ ಮನೆ ಹೊನ್ನಾವರದ ಕಡೆ, ಹುಡುಗ ತಿಪಟೂರಿನವನು. ಇಬ್ಬರೂ ನನ್ನ ಕಾಲೇಜಿನ ಸ್ನೇಹಿತರು. ಬರುವ ಜನ ಮೂವತ್ತರ ಒಳಗೆ. ಜಾಗ ಕಾಸರಕೋಡಿನ ಆಚೆ, ಅವಳ ಮನೆಯಿಂದ ನಡೆದು ಹೋಗಬಹುದಾದ ದಂಡೆ.

ಮೊದಲೇ ಹೇಳಿಬಿಡುತ್ತೇನೆ. ನನ್ನಂಥವನು ಮರಳಿನ ಮೇಲೆ ನಿಂತು ನಾಲ್ಕು ಮಾತು ಹೇಳಿಸಿದ ಮಾತ್ರಕ್ಕೆ ಕಾನೂನಿನ ಪ್ರಕಾರ ಮದುವೆ ಆಗುವುದಿಲ್ಲ. ಅವರು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟು, 30 ದಿನ ಕಾದು, ಮೂವರು ಸಾಕ್ಷಿಗಳ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರು. ಸಾಕ್ಷಿಗಳಲ್ಲಿ ನಾನೂ ಒಬ್ಬ. ಆ ಕಾಯ್ದೆಯಲ್ಲಿ ನನಗೆ ಇಷ್ಟವಾದ ಒಂದು ಮಾತಿದೆ. 'ನಿನ್ನನ್ನು ಒಪ್ಪಿಕೊಂಡಿದ್ದೇನೆ' ಎಂದು ಒಬ್ಬರಿಗೊಬ್ಬರು ಹೇಳಲೇಬೇಕು, ಆದರೆ ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು. ಅವರು ಕನ್ನಡದಲ್ಲಿ ಹೇಳಿದರು. ಫ್ಯಾನಿನ ಸದ್ದಿಗೆ ಅರ್ಧ ಕೇಳಲಿಲ್ಲ. ಹೆಚ್ಚಿನ ಶುಲ್ಕ ಕಟ್ಟಿದರೆ ಅಧಿಕಾರಿಯೇ ಬೇರೆ ಜಾಗಕ್ಕೆ ಬಂದು ಮದುವೆ ಮಾಡಿಸಲೂ ಕಾಯ್ದೆಯಲ್ಲಿ ಅವಕಾಶ ಇದೆ. ನಾವು ಕೇಳಲಿಲ್ಲ. ಅವರು ಬಂದರೆ ನಾನ್ಯಾಕೆ ಬೇಕು, ಅಲ್ವಾ?

ಗೆಳತಿಗೆ ಸಂಜೆಯೇ ಆಗಬೇಕಿತ್ತು. ಸೂರ್ಯ ಮುಳುಗುವಾಗ ಹಾರ, ಆಮೇಲೆ ತೆಂಗಿನ ಮರಗಳಿಗೆ ಸರದ ದೀಪ. ಅದನ್ನು ಬೇಡ ಅಂದವರು ಅಲ್ಲಿನ ಮೀನುಗಾರರು. ಚಳಿಗಾಲದ ರಾತ್ರಿಗಳಲ್ಲಿ ಆ ದಂಡೆಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಆಲಿವ್ ರಿಡ್ಲೆ ಜಾತಿಯವು. ಗೂಡು ಕಂಡಲ್ಲಿ ಅರಣ್ಯ ಇಲಾಖೆಯವರು ಬೇಲಿ ಕಟ್ಟುತ್ತಾರೆ. ದೀಪ ಕಂಡರೆ ತಾಯಿ ಆಮೆ ವಾಪಸ್ ಹೋಗುತ್ತದೆ, ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆಗೆ ನಡೆಯುತ್ತವೆ. ಹೀಗಾಗಿ ಬೆಳಿಗ್ಗೆ ಎಂಟು ಗಂಟೆ ಎಂದಾಯಿತು.

ದಿನ ಗೊತ್ತು ಮಾಡುವಾಗ ಇನ್ನೊಂದು ತಮಾಷೆ. ಮುಹೂರ್ತ ನೋಡುವುದಿಲ್ಲ ಎಂದು ಶಪಥ ಮಾಡಿದ್ದ ಇಬ್ಬರೂ ಕೊನೆಗೆ ತಿಥಿ ನೋಡಬೇಕಾಯಿತು. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಉಬ್ಬರ ಜೋರು. ಅಷ್ಟಮಿ, ನವಮಿ ಹೊತ್ತಿಗೆ ನೀರು ಹೆಚ್ಚು ಏರುವುದಿಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಚಂದ್ರ ಮತ್ತು ಸೂರ್ಯ ಬೇರೆ ಬೇರೆ ದಿಕ್ಕಿಗೆ ಎಳೆಯುವ ದಿನಗಳು ಅವು. ನಾವು ನವಮಿ ಆರಿಸಿದೆವು. 'ನವಮಿಯಲ್ಲಿ ಯಾರಾದ್ರೂ ಮದುವೆ ಮಾಡ್ತಾರೇನ್ರೋ?' ಎಂದು ಹುಡುಗನ ಅಜ್ಜಿ ಎರಡು ವಾರ ಗೊಣಗಿದರು. ನಮ್ಮ ಜಮಖಾನ ಮಾತ್ರ ಒದ್ದೆಯಾಗಲಿಲ್ಲ.

ಏನು ಹೇಳಿಸಬೇಕು ಅನ್ನುವುದೇ ದೊಡ್ಡ ತಲೆನೋವು. ಇಬ್ಬರಿಗೂ ಕುವೆಂಪು ಅವರ ಮಂತ್ರ ಮಾಂಗಲ್ಯದ ಮೇಲೆ ಮನಸ್ಸು. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಅವರು ಹಾಗೇ ಮಾಡಿಸಿದ್ದರು. ಪುರೋಹಿತರಿಲ್ಲ, ಆಡಂಬರವಿಲ್ಲ, ಒಬ್ಬರು ಓದಿದ್ದನ್ನು ಜೋಡಿ ತಿರುಗಿ ಹೇಳುತ್ತದೆ. ಹಿಂದಿನ ದಿನ ಅದನ್ನು ಹಿಡಿದು ದಂಡೆಗೆ ಹೋದೆ, ಒಬ್ಬ ಗೆಳೆಯನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ ಓದಿದೆ. ಅವನಿಗೆ ಕೇಳಿಸಿದ್ದು ಬರೀ ತುಂಡುಗಳು. ಕೋಣೆಯಲ್ಲಿ ಗಂಭೀರವಾಗಿ ಮೊಳಗುವ ಉದ್ದ ಉದ್ದ ಪದಗಳು ಅಲೆಯ ಸದ್ದಿನಲ್ಲಿ ಒಡೆದುಹೋಗುತ್ತವೆ. ನಾನೇ ಬರೆದುಕೊಂಡಿದ್ದ ನಾಲ್ಕು ಪುಟದ ಭಾಷಣದ ಗತಿ ಇನ್ನೂ ಕೆಟ್ಟದಾಗಿತ್ತು. ಅದು ಅಲ್ಲೇ ಕಸಕ್ಕೆ ಹೋಯಿತು, ಒಳ್ಳೆಯದೇ ಆಯಿತು.

ರಾತ್ರಿ ಕೂತು ಮತ್ತೆ ಬರೆದೆವು. ಅಳತೆ ಒಂದೇ: ಒಂದು ಅಲೆ ಒಡೆದು ಇನ್ನೊಂದು ಒಡೆಯುವುದರೊಳಗೆ ಹೇಳಿ ಮುಗಿಯಬೇಕು. 'ನಿನ್ನ ಮಾತಿಗೆ ಕಿವಿ ಕೊಡುತ್ತೇನೆ.' 'ನಮ್ಮ ನಡುವೆ ಜಾತಿ ಬರುವುದಿಲ್ಲ.' 'ಸಾಲ ಮಾಡುವ ಮೊದಲು ನಿನಗೆ ಹೇಳುತ್ತೇನೆ.' 'ಅಡುಗೆಮನೆ ಇಬ್ಬರದೂ.' ಒಟ್ಟು ಒಂಬತ್ತು ಸಾಲು. ಸಾಲದ ಸಾಲು ಹುಡುಗಿಯ ಅಪ್ಪನದು. ಅವರ ಅನುಭವ ಇರಬೇಕು, ಕೇಳಲು ಹೋಗಲಿಲ್ಲ.

ಗಾಳಿಯ ಲೆಕ್ಕವೂ ಅದೇ ಪರೀಕ್ಷೆಯಲ್ಲಿ ಗೊತ್ತಾಯಿತು. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ಕಡಲಿಂದ ನೆಲಕ್ಕೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ನಾನು ಕಡಲಿಗೆ ಬೆನ್ನು ಹಾಕಿ ನಿಂತಿದ್ದರೆ ನನ್ನ ಮಾತೆಲ್ಲ ಅರಬ್ಬಿ ಸಮುದ್ರದ ಪಾಲು. ಅದಕ್ಕೇ ನಾನು ತೆಂಗಿನ ಮರಗಳಿಗೆ ಬೆನ್ನು ಹಾಕಿದೆ. ಜೋಡಿ ನನ್ನೆದುರು, ಅವರ ಹಿಂದೆ ಕಡಲು. ಜನ ಎರಡು ಬದಿಗೆ, ಊಟದ ಪಂಕ್ತಿಯ ಹಾಗೆ ಎದುರುಬದುರು. ಸಾಲುಗಳನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೆ. ಮೊಬೈಲ್ ನಂಬಬೇಡಿ, ಬಿಸಿಲಿಗೆ ಏನೂ ಕಾಣುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದವನು ಒಂದನ್ನು ಮರೆತೆ. ಒಂಬತ್ತು ಸಾಲು ಮುಗಿಯಿತು. ಸುರಗಿ ಹೂವಿನ ಹಾರ ಬದಲಾಯಿಸಿದರು. ನಾನು 'ಇವರು ಈಗ ಗಂಡ ಹೆಂಡತಿ' ಅಂದೆ. ಯಾರೂ ಅಲ್ಲಾಡಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ. ಅಜ್ಜಿ ಆಗಿನಿಂದ ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಬೆವರಿಗೆ ಅರಿಶಿನ ಕರಗಿ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. 'ಆಯ್ತೇನಪ್ಪಾ?' ಎಂದು ಕೇಳಿದರು. 'ಆಯ್ತಜ್ಜಿ.' 'ಯಾವಾಗ?'

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಛತ್ರದ ಮದುವೆಯಲ್ಲಿ ಯಾರೂ ಮಂತ್ರ ಕೇಳಿಸಿಕೊಳ್ಳುವುದಿಲ್ಲ, ಹರಟುತ್ತಾ ಇರುತ್ತಾರೆ. ಆದರೂ ಮದುವೆ ಯಾವ ಗಳಿಗೆಯಲ್ಲಿ ಆಯಿತು ಎಂದು ಕೊನೆಯ ಸಾಲಿನಲ್ಲಿ ಕೂತವರಿಗೂ ಗೊತ್ತು. ಪುರೋಹಿತರು ಕೈ ಎತ್ತುತ್ತಾರೆ, ಗಟ್ಟಿಮೇಳ ಅನ್ನುತ್ತಾರೆ, ವಾಲಗ ಏರುತ್ತದೆ, ಅಕ್ಷತೆ ಬೀಳುತ್ತದೆ. ನಾನು ಮಾತುಗಳನ್ನೆಲ್ಲ ತಿದ್ದಿ ತೀಡಿ, ಆ ಗಳಿಗೆಯನ್ನೇ ಇಟ್ಟಿರಲಿಲ್ಲ.

ಅಜ್ಜಿ ಎದ್ದು ನಿಂತರು. 'ಇನ್ನೊಂದ್ಸಲ ಹಾರ ತಗೊಳ್ಳಿ' ಅಂದರು. ನಮ್ಮ ಹಿಂದೆ, ದೋಣಿಯ ನೆರಳಲ್ಲಿ ಮೀನುಗಾರರ ಮಕ್ಕಳು ನಾಲ್ಕೈದು ಜನ ಖಾಲಿ ಪ್ಲಾಸ್ಟಿಕ್ ಕ್ರೇಟುಗಳನ್ನು ಮಗುಚಿ ಅವುಗಳ ಮೇಲೆ ಕೂತು ನೋಡುತ್ತಿದ್ದರು. ಅವರ ಕಡೆ ತಿರುಗಿ, 'ಬಡೀರೋ ಅದನ್ನ' ಎಂದು ಕೂಗಿದರು. ಆಮೇಲೆ ನನಗಿಂತ ದೊಡ್ಡ ದನಿಯಲ್ಲಿ 'ಗಟ್ಟಿಮೇಳ! ಗಟ್ಟಿಮೇಳ!' ಹುಡುಗರು ಬಡಿದ ಬಡಿತಕ್ಕೆ ಅಲೆಯೂ ಕೇಳಲಿಲ್ಲ. ಹಾರ ಬಿತ್ತು, ಅಕ್ಷತೆ ಬಿತ್ತು. ಅಜ್ಜಿಯದು ಮುದ್ದೆಯಾಗಿ ನೇರ ಹುಡುಗನ ಕಿವಿಗೆ ತಾಗಿತು.

ಮುರುಗಲ ಪಾನಕ ಕುಡಿಯುವಾಗ ಅಜ್ಜಿ ವೀಳ್ಯದೆಲೆಯ ಮೇಲೆ 101 ರೂಪಾಯಿ ಇಟ್ಟು ತಂದರು. ಬೇಡ ಎಂದೆ. 'ಮಾಡಿಸಿದವರು ದಕ್ಷಿಣೆ ಬೇಡ ಅನ್ನಬಾರದು. ತಪ್ಪು ಮಾಡಿದ್ರೂ' ಅಂದರು. ತಗೊಂಡೆ. ಕ್ರೇಟು ಬಡಿದ ಹುಡುಗರಿಗೆ ಐಸ್‌ಕ್ಯಾಂಡಿ ಕೊಡಿಸಿದೆ. ಕೈಯಿಂದ ಒಂದಷ್ಟು ಸೇರಿಸಬೇಕಾಯಿತು.